ಸ್ವಿಫ್ಟ್, ಐಬಾನ್, ಐಎಫ್‌ಎಸ್‌ಸಿ, ರೂಟಿಂಗ್ ನಂಬರ್: ಯಾವ ದಾರಿಗೆ ಯಾವ ಕೋಡ್?

ಹೊರದೇಶದಲ್ಲಿರುವ ಮಗ ಊರಿಗೆ ಫೋನ್ ಮಾಡಿ "ಅಪ್ಪ, ಬ್ಯಾಂಕ್ ಕೋಡ್ ಕಳಿಸಿ" ಅನ್ನುತ್ತಾನೆ. ಅಪ್ಪ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಆ ಪುಟದಲ್ಲಿ ದೇಶದೊಳಗಿನ ವರ್ಗಾವಣೆಗೆ ಬಳಸುವ ಐಎಫ್‌ಎಸ್‌ಸಿ ಇದೆ, ಚೆಕ್ ವಿಂಗಡಿಸುವ ಎಂಐಸಿಆರ್ ಇದೆ, ಶಾಖೆಯ ವಿಳಾಸವಿದೆ. ವಿದೇಶಿ ಬ್ಯಾಂಕಿನಿಂದ ನೇರ ಹಣ ತರಿಸಲು ಬೇಕಾಗುವ ಸ್ವಿಫ್ಟ್ ಕೋಡ್ ಮಾತ್ರ ಹೆಚ್ಚಿನ ಪಾಸ್‌ಬುಕ್ಕುಗಳಲ್ಲಿ ಇರುವುದಿಲ್ಲ. ಅತ್ತ ಮಗನ ಮುಂದಿರುವ ಫಾರ್ಮಿನಲ್ಲಿ ಬಿಐಸಿ (ಸ್ವಿಫ್ಟ್ ಕೋಡಿನ ಇನ್ನೊಂದು ಹೆಸರು) ಅಂತ ಒಂದು ಖಾನೆ, ಐಬಾನ್ (ಕೆಲವು ದೇಶಗಳು ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಅಂತ ಇನ್ನೊಂದು ಖಾನೆ. ಇಬ್ಬರೂ ಗೂಗಲ್‌ಗೆ ಹೋಗುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿಂದ.

ಒಂದೇ ಉಳಿತಾಯ ಖಾತೆಗೆ ಮೂರು ಕೋಡ್ ಇರಬಹುದು, ಮೂರೂ ಸರಿಯಾಗಿರಬಹುದು. ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಮೊದಲು ತೀರ್ಮಾನವಾದರೆ ಯಾವ ಕೋಡ್ ಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಹೆಚ್ಚಿನವರು ಕೋಡ್ ಹುಡುಕಿಕೊಂಡು ಆಮೇಲೆ ದಾರಿ ಹುಡುಕುತ್ತಾರೆ. ಹಾಗಾಗಿ ಈ ಬರಹದಲ್ಲಿ ಕೋಡುಗಳ ಜೊತೆಗೆ ದಾರಿಗಳನ್ನೂ ಹೋಲಿಸಿದ್ದೇನೆ.

ಐದನೇ ಅಕ್ಷರ ನೋಡಿ

ನಮ್ಮಲ್ಲಿ ಅತಿ ಹೆಚ್ಚು ಅದಲುಬದಲಾಗುವುದು ಐಎಫ್‌ಎಸ್‌ಸಿ ಮತ್ತು ಸ್ವಿಫ್ಟ್ ಕೋಡ್. ಕಾರಣ ಸರಳ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ. ಸ್ವಿಫ್ಟ್ ಕೋಡ್‌ನಲ್ಲಿ 8 ಇಲ್ಲವೇ 11. ಎರಡರಲ್ಲೂ ಮೊದಲ ನಾಲ್ಕು ಅಕ್ಷರ ಬ್ಯಾಂಕಿನ ಗುರುತು, ಅನೇಕ ಬ್ಯಾಂಕುಗಳಿಗೆ ಆ ನಾಲ್ಕು ಅಕ್ಷರ ಎರಡೂ ಕಡೆ ಒಂದೇ. ಕೆನರಾ ಬ್ಯಾಂಕಿಗೆ ಎರಡರಲ್ಲೂ ಸಿ-ಎನ್-ಆರ್-ಬಿ, ಸ್ಟೇಟ್ ಬ್ಯಾಂಕಿಗೆ ಎಸ್-ಬಿ-ಐ-ಎನ್, ಎಚ್‌ಡಿಎಫ್‌ಸಿಗೆ ಎಚ್-ಡಿ-ಎಫ್-ಸಿ. ಅವಸರದಲ್ಲಿ ನೋಡಿದರೆ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಸಹಜ.

ಬೇರ್ಪಡಿಸಲು ಐದನೇ ಅಕ್ಷರ ಸಾಕು. ಐಎಫ್‌ಎಸ್‌ಸಿಯಲ್ಲಿ ಆ ಜಾಗದಲ್ಲಿ ಯಾವಾಗಲೂ ಸೊನ್ನೆ, ಅದರ ನಂತರದ ಆರು ಅಕ್ಷರಗಳು ಶಾಖೆಯದ್ದು. ಭಾರತದ ಸ್ವಿಫ್ಟ್ ಕೋಡ್‌ನಲ್ಲಿ ಐದು ಮತ್ತು ಆರನೇ ಜಾಗದಲ್ಲಿ ದೇಶದ ಗುರುತು ಇರುತ್ತದೆ: ಐ-ಎನ್. ಮುಂದಿನ ಎರಡು ಅಕ್ಷರ ಊರು ಅಥವಾ ನೆಲೆಯದ್ದು. ನಮ್ಮ ಬ್ಯಾಂಕುಗಳಲ್ಲಿ ಬಹುತೇಕ ಬಿ-ಬಿ. ಹಾಗಾಗಿ ಕೆನರಾ ಬ್ಯಾಂಕಿನದು ಸಿ-ಎನ್-ಆರ್-ಬಿ-ಐ-ಎನ್-ಬಿ-ಬಿ, ಕರ್ಣಾಟಕ ಬ್ಯಾಂಕಿನದು ಕೆ-ಎ-ಆರ್-ಬಿ-ಐ-ಎನ್-ಬಿ-ಬಿ. ಕೊನೆಯ ಮೂರು ಅಕ್ಷರ ಇದ್ದರೆ ಅದು ಶಾಖೆ ಅಥವಾ ವಿಭಾಗದ ಗುರುತು. ಇಲ್ಲದಿದ್ದರೆ, ಇಲ್ಲವೇ ಮೂರು 'ಎಕ್ಸ್' ಇದ್ದರೆ, ಪ್ರಧಾನ ಕಚೇರಿ ಎಂದರ್ಥ. ಕೆಲವು ಫಾರ್ಮುಗಳು 11 ಅಕ್ಷರ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಆಗ 8 ಅಕ್ಷರದ ಕೋಡಿಗೆ ಮೂರು ಎಕ್ಸ್ ಸೇರಿಸಿದರೆ ಆಯಿತು. ಬಿಐಸಿ ಎಂದರೂ ಸ್ವಿಫ್ಟ್ ಕೋಡ್ ಎಂದರೂ ಒಂದೇ.

"ನಮ್ಮ ಬ್ರಾಂಚಿನ ಸ್ವಿಫ್ಟ್ ಕೋಡ್ ಇಂಟರ್ನೆಟ್ಟಿನಲ್ಲಿ ಸಿಗುತ್ತಿಲ್ಲ" ಎಂದು ಗಾಬರಿಯಾಗುವವರಿದ್ದಾರೆ. ಸಿಗದಿರುವುದೇ ಸಾಮಾನ್ಯ. ಐಎಫ್‌ಎಸ್‌ಸಿ ಪ್ರತಿ ಶಾಖೆಗೂ ಇರುತ್ತದೆ. ಸ್ವಿಫ್ಟ್ ಕೋಡ್ ಇರುವುದು ವಿದೇಶಿ ವಿನಿಮಯ ನೋಡಿಕೊಳ್ಳುವ ಕೆಲವೇ ಶಾಖೆಗಳಿಗೆ. ಶಿರಸಿಯ ಖಾತೆಗೂ ಪುತ್ತೂರಿನ ಖಾತೆಗೂ ಪ್ರಧಾನ ಕಚೇರಿಯ ಅಥವಾ ವಿದೇಶಿ ವಿನಿಮಯ ವಿಭಾಗದ ಕೋಡ್ ಕೊಟ್ಟರೆ ಸಾಕು, ಅಲ್ಲಿಂದ ಖಾತೆ ಸಂಖ್ಯೆ ಹಿಡಿದು ಹಣ ಶಾಖೆಗೆ ಬಂದು ಸೇರುತ್ತದೆ. ಸಂದೇಶದ ವಿವರದಲ್ಲಿ ಶಾಖೆಯ ಐಎಫ್‌ಎಸ್‌ಸಿಯನ್ನೂ ಬರೆಸಿದರೆ ಒಳ್ಳೆಯದು.

ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕಿನ ಖಾತೆಯಾದರೆ ನೇರ ಸ್ವಿಫ್ಟ್ ಇರುತ್ತದೆ ಎಂದು ಊಹಿಸಿಕೊಳ್ಳಬೇಡಿ. ಮೊದಲು ಶಾಖೆಯಲ್ಲಿ ವಿಚಾರಿಸಿ. ವಿದೇಶದ ಹಣ ಯಾವ ದೊಡ್ಡ ಬ್ಯಾಂಕಿನ ಮೂಲಕ ಬರಬೇಕೆಂದು ಲಿಖಿತವಾಗಿ ಕೇಳಿ ಪಡೆಯಿರಿ. ಅದಕ್ಕೆ ತಡವಾಗುತ್ತದೆ ಅನಿಸಿದರೆ ಮನೆಯಲ್ಲಿ ಇನ್ನೊಬ್ಬರ ವಾಣಿಜ್ಯ ಬ್ಯಾಂಕ್ ಖಾತೆ ಬಳಸುವುದಕ್ಕಿಂತ, ಹಣ ಪಡೆಯುವವರ ಹೆಸರಿನಲ್ಲೇ ಒಂದು ಹೊಸ ಖಾತೆ ತೆರೆಯುವುದು ಮೇಲು.

ವಿಲೀನದ ನಂತರದ ಕೋಡುಗಳು

ಇದು ಕರ್ನಾಟಕದವರಿಗೆ ವಿಶೇಷವಾಗಿ ಕಾಡುವ ತೊಂದರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ. ಮೂರು ವರ್ಷದಲ್ಲಿ ಇಲ್ಲಿಯೇ ಹುಟ್ಟಿ ಬೆಳೆದ ನಾಲ್ಕು ಬ್ಯಾಂಕುಗಳ ಹೆಸರು ಬೋರ್ಡಿನಿಂದ ಹೋಯಿತು, ಜೊತೆಗೆ ಅವುಗಳ ಕೋಡುಗಳೂ ಹೋದವು. ದುಬೈ, ಕುವೈತ್, ಮಸ್ಕತ್‌ಗಳಲ್ಲಿ ಇಪ್ಪತ್ತು ವರ್ಷದಿಂದ ಇರುವ ಎಷ್ಟೋ ಮಂದಿಯ ಮೊಬೈಲಿನಲ್ಲಿ ಈಗಲೂ ಸೇವ್ ಆಗಿರುವುದು ಹಳೆಯ ವಿವರ.

ಸಿಂಡಿಕೇಟ್‌ನ ಹಳೆಯ ಐಎಫ್‌ಎಸ್‌ಸಿ 2021ರ ಜುಲೈ 1ರಿಂದ ನಿಂತುಹೋಯಿತು. ಹೊಸದು ಮಾಡಿದ ಕ್ರಮ ಮಾತ್ರ ಅಚ್ಚುಕಟ್ಟಾಗಿದೆ: ಬ್ಯಾಂಕಿನ ಅಕ್ಷರಗಳನ್ನು ಸಿ-ಎನ್-ಆರ್-ಬಿ ಎಂದು ಬದಲಿಸಿ, ಶಾಖೆಯ ಅಂಕಿಗೆ 10,000 ಕೂಡಿಸಿದರು. ಹಳೆಯದರಲ್ಲಿ ಸೊನ್ನೆಯ ನಂತರ 001234 ಇದ್ದರೆ ಹೊಸದರಲ್ಲಿ 011234. ಅದೇ ದಿನ ಸಿಂಡಿಕೇಟ್‌ನ ಸ್ವಿಫ್ಟ್ ಕೋಡನ್ನೂ ನಿಲ್ಲಿಸಿ, ಅದರ ಬದಲು ಬಿ-ಎಫ್-ಡಿ ಎಂದು ಕೊನೆಗೊಳ್ಳುವ ಕೆನರಾದ ಕೋಡನ್ನು ಬಳಸಲು ಹೇಳಿದರು. ವಿಜಯಾ ಬ್ಯಾಂಕಿನ ಶಾಖೆಗಳಿಗೆ ಬರೋಡಾದ ಬಿ-ಎ-ಆರ್-ಬಿ, ಸೊನ್ನೆ, ಅದರ ನಂತರ ವಿ-ಜೆ ಸೇರಿಸಿದ ಹೊಸ ಕೋಡ್ ಬಂತು. ನೀವೇ ಲೆಕ್ಕ ಹಾಕಿ ಬರೆಯುವ ಬದಲು, ಹೊಸ ಚೆಕ್ ಬುಕ್ ನೋಡಿ ಅಥವಾ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಹುಡುಕಿ. ಮೊಬೈಲಿನಲ್ಲಿ ಸೇವ್ ಆಗಿರುವ ವಿವರದಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ಎಲ್ಲಾದರೂ ಕಂಡರೆ ಆ ಬೆನಿಫಿಷಿಯರಿಯನ್ನು ಅಳಿಸಿ ಹೊಸದಾಗಿ ಸೇರಿಸಿ.

ಊರಿಗೆ ಹಣ: ಎಕ್ಸ್‌ಚೇಂಜೋ, ಬ್ಯಾಂಕಿನ ವೈರೋ?

ಗಲ್ಫಿನಲ್ಲಿ ದುಡಿಯುವ ಕರಾವಳಿಯವರು ಸಂಬಳ ಬಂದ ದಿನ ಊರಿಗೆ ಹಣ ಕಳಿಸಿಕೊಡುವ ಎಕ್ಸ್‌ಚೇಂಜಿಗೆ ಹೋಗುತ್ತಾರೆ, ಈಗೀಗ ಅದರ ಆ್ಯಪ್ ತೆರೆಯುತ್ತಾರೆ. ಅಲ್ಲಿ ಕೇಳುವುದು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ. ಸ್ವಿಫ್ಟ್ ಕೋಡ್ ಏಕೆ ಬೇಡ? ಏಕೆಂದರೆ ಎಕ್ಸ್‌ಚೇಂಜ್ ಕಂಪನಿ ಭಾರತದ ಒಂದು ಬ್ಯಾಂಕಿನಲ್ಲಿ ಮೊದಲೇ ರೂಪಾಯಿ ಖಾತೆ ಇಟ್ಟಿರುತ್ತದೆ. ರಿಸರ್ವ್ ಬ್ಯಾಂಕ್ ಅನುಮತಿಸಿರುವ ಈ ಏರ್ಪಾಡಿಗೆ ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಎಂದು ಹೆಸರು. ನೀವು ಅಲ್ಲಿ ದಿರ್ಹಮ್ ಕಟ್ಟಿದಾಗ ಇಲ್ಲಿನ ಆ ಖಾತೆಯಿಂದ ರೂಪಾಯಿ ಹೊರಟು, ಎನ್‌ಇಎಫ್‌ಟಿಯಂಥ ದೇಶದೊಳಗಿನ ದಾರಿಯಲ್ಲಿ ನಿಮ್ಮ ಮನೆಯವರ ಖಾತೆ ಸೇರುತ್ತದೆ. ಹಣದ ಕೊನೆಯ ಹೆಜ್ಜೆ ಭಾರತದೊಳಗೇ ನಡೆಯುವುದರಿಂದ ಭಾರತದ ಕೋಡೇ ಸಾಕು. 2019ರ ಡಿಸೆಂಬರ್‌ನಿಂದ ಎನ್‌ಇಎಫ್‌ಟಿ ದಿನದ 24 ಗಂಟೆಯೂ ನಡೆಯುವುದರಿಂದ ಭಾನುವಾರ ಕಳಿಸಿದ್ದು ಭಾನುವಾರವೇ ಬರುವುದೂ ಉಂಟು.

ವಿದೇಶಿ ಬ್ಯಾಂಕಿನಿಂದ ಡಾಲರ್‌ನಲ್ಲೋ ಯೂರೋದಲ್ಲೋ ನೇರ ವೈರ್, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾವಣೆ, ಮಾಡಿದರೆ ಕಥೆ ಬೇರೆ. ಆಗ ಸ್ವಿಫ್ಟ್ ಬೇಕೇ ಬೇಕು. ಸ್ವಿಫ್ಟ್ ಎಂಬುದು 1973ರಲ್ಲಿ ಬೆಲ್ಜಿಯಂನಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಕಟ್ಟಿಕೊಂಡ ಸಹಕಾರಿ ಸಂಸ್ಥೆ. ಅದು ಹಣ ಸಾಗಿಸುವುದಿಲ್ಲ, "ಇಂಥವರ ಖಾತೆಗೆ ಇಷ್ಟು ಜಮಾ ಮಾಡಿ" ಎಂಬ ಸಂದೇಶ ಸಾಗಿಸುತ್ತದೆ. ಹಣ ಕೈ ಬದಲಾಗುವುದು ಬ್ಯಾಂಕುಗಳು ಒಂದರಲ್ಲೊಂದು ಇಟ್ಟುಕೊಂಡಿರುವ ಖಾತೆಗಳಲ್ಲಿ. ನಿಮ್ಮ ಭಾರತೀಯ ಬ್ಯಾಂಕಿಗೆ ನ್ಯೂಯಾರ್ಕಿನ ಯಾವುದೋ ಬ್ಯಾಂಕಿನಲ್ಲಿ ಡಾಲರ್ ಖಾತೆ ಇರುತ್ತದೆ. ಅದನ್ನು ನೋಸ್ಟ್ರೋ ಅನ್ನುತ್ತಾರೆ. ಡಾಲರ್ ಮೊದಲು ಅಲ್ಲಿಗೆ ಬರಬೇಕು. ಅದಕ್ಕೇ ಕೆಲವು ಫಾರ್ಮುಗಳಲ್ಲಿ "ಇಂಟರ್‌ಮೀಡಿಯರಿ ಬ್ಯಾಂಕ್" ಅಥವಾ "ಕರೆಸ್ಪಾಂಡೆಂಟ್ ಬ್ಯಾಂಕ್" ಎಂಬ ಹೆಚ್ಚುವರಿ ಖಾನೆ. ಅಲ್ಲಿ ನಿಮ್ಮ ಬ್ಯಾಂಕಿನ ಕೋಡನ್ನೇ ಮತ್ತೊಮ್ಮೆ ಬರೆಯಬಾರದು. ಯಾವ ಕರೆನ್ಸಿಗೆ ಯಾವ ಬ್ಯಾಂಕು ಎಂಬ ಪಟ್ಟಿಯನ್ನು ಭಾರತದ ದೊಡ್ಡ ಬ್ಯಾಂಕುಗಳು ತಮ್ಮ ಜಾಲತಾಣದಲ್ಲಿ ಹಾಕಿರುತ್ತವೆ. ಡಾಲರ್‌ಗೆ ಒಂದು, ಪೌಂಡ್‌ಗೆ ಒಂದು, ಯೂರೋಗೆ ಮತ್ತೊಂದು.

ಎರಡರಲ್ಲಿ ಯಾವುದು? ಪ್ರತಿ ತಿಂಗಳ ಮನೆ ಖರ್ಚಿಗಾದರೆ ನಾನು ಕಣ್ಣುಮುಚ್ಚಿ ಐಎಫ್‌ಎಸ್‌ಸಿಯ ದಾರಿಯನ್ನೇ ಹೇಳುತ್ತೇನೆ. ನಡುವೆ ಕೈ ಹಾಕುವ ಬ್ಯಾಂಕುಗಳಿಲ್ಲ, ಎಷ್ಟು ರೂಪಾಯಿ ಜಮಾ ಆಗುತ್ತದೆ ಎಂಬುದು ಕಳಿಸುವಾಗಲೇ ಗೊತ್ತು. ಆದರೆ ಎಕ್ಸ್‌ಚೇಂಜಿನವರ "ಕಮಿಷನ್ ಇಲ್ಲ" ಎಂಬ ಬೋರ್ಡಿಗೆ ಮರುಳಾಗಬೇಡಿ. ಕಮಿಷನ್ ಇಲ್ಲದ ಕಡೆ ರೇಟಿನಲ್ಲಿ ಹಿಡಿದಿರುತ್ತಾರೆ. ಕೈಗೆ ಎಷ್ಟು ರೂಪಾಯಿ ಬರುತ್ತದೆ ಎಂಬ ಒಂದೇ ಅಂಕಿಯನ್ನು ಎರಡು ಕಡೆ ಕೇಳಿ ಹೋಲಿಸಿ.

ದೊಡ್ಡ ಮೊತ್ತ, ಅದರಲ್ಲೂ ನಾಳೆ ಕಾಗದ ತೋರಿಸಬೇಕಾದ ಮೊತ್ತವಾದರೆ ಸ್ವಿಫ್ಟ್ ಮೇಲು. ಸೈಟು ಕೊಳ್ಳಲು ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಗೆ ಬರುವ ಹಣ, ವಿದೇಶಿ ಕರೆನ್ಸಿಯಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಗೆ ಡಾಲರ್ ಆಗಿಯೇ ಬರಬೇಕಾದ ಹಣ, ಬೆಂಗಳೂರಿನ ಸಾಫ್ಟ್‌ವೇರ್ ಫ್ರೀಲಾನ್ಸರ್‌ಗೆ ಅಮೆರಿಕದ ಗ್ರಾಹಕ ಕೊಡುವ ಸಂಭಾವನೆ ಇಂಥವು. ಇಲ್ಲಿ ಕೋಡ್‌ನಷ್ಟೇ ಮುಖ್ಯವಾದ ಇನ್ನೊಂದು ಇದೆ, ಪರ್ಪಸ್ ಕೋಡ್. ಹಣ ಏಕೆ ಬಂತು ಎಂದು ರಿಸರ್ವ್ ಬ್ಯಾಂಕಿಗೆ ಲೆಕ್ಕ ಒಪ್ಪಿಸಲು ಬೇಕಾದದ್ದು ಇದು. ಅನಿವಾಸಿ ಭಾರತೀಯರು ಕುಟುಂಬ ನಿರ್ವಹಣೆಗೂ ಉಳಿತಾಯಕ್ಕೂ ಕಳಿಸಿದರೆ ಪಿ 1301, ಸಾಫ್ಟ್‌ವೇರ್ ಸಲಹೆಯ ಕೆಲಸಕ್ಕಾದರೆ ಪಿ 0802. ಫ್ರೀಲಾನ್ಸರುಗಳು ಇದನ್ನು ಹಗುರವಾಗಿ ತೆಗೆದುಕೊಂಡು ಕುಟುಂಬ ನಿರ್ವಹಣೆ ಎಂದು ಬರೆಸಿಬಿಡುತ್ತಾರೆ. ಆಮೇಲೆ ರಫ್ತಿನ ಆದಾಯ ಎಂದು ತೋರಿಸಲು ಹೋದಾಗ ಕಾಗದ ಒಂದು ಹೇಳುತ್ತದೆ, ಇನ್‌ವಾಯ್ಸ್ ಇನ್ನೊಂದು ಹೇಳುತ್ತದೆ.

ನಡುವಣ ದಾರಿಯೂ ಒಂದಿದೆ. ವೈಸ್, ಪೇಯೋನಿಯರ್‌ನಂಥ ಸೇವೆಗಳಲ್ಲಿ ಕಳಿಸುವವರು ತಮ್ಮ ದೇಶದೊಳಗಿನ ಖಾತೆಗೇ ಹಣ ಹಾಕುತ್ತಾರೆ, ಆ ಕಂಪನಿಯ ಇನ್ನೊಂದು ಕೈ ಇಲ್ಲಿ ರೂಪಾಯಿ ಕೊಡುತ್ತದೆ. ಹಾಗಾಗಿ ಅತ್ತ ರೂಟಿಂಗ್ ನಂಬರ್ (ಅಮೆರಿಕದೊಳಗಿನ ಬ್ಯಾಂಕ್ ಕೋಡ್) ಅಥವಾ ಐಬಾನ್, ಇತ್ತ ಐಎಫ್‌ಎಸ್‌ಸಿ. ವೆಸ್ಟರ್ನ್ ಯೂನಿಯನ್ ರೀತಿಯ ನಗದು ಸೇವೆಗೆ ಬ್ಯಾಂಕ್ ಕೋಡೇ ಬೇಡ. ಆದರೆ ಮಿತಿ ಇದೆ: ಒಂದು ಸಲಕ್ಕೆ 2,500 ಡಾಲರ್, ಒಬ್ಬರಿಗೆ ವರ್ಷಕ್ಕೆ 30 ಸಲ, ಕೈಗೆ ನಗದು 50,000 ರೂಪಾಯಿವರೆಗೆ. ಸಿಂಗಾಪುರದಲ್ಲಿರುವವರಿಗೆ ಇದೆಲ್ಲದರ ಗೊಡವೆಯೇ ಇಲ್ಲದ ದಾರಿ 2023ರ ಫೆಬ್ರವರಿಯಲ್ಲಿ ತೆರೆಯಿತು: ಅಲ್ಲಿನ ಮೊಬೈಲ್ ಪಾವತಿ ವ್ಯವಸ್ಥೆ ಪೇನೌ ಮತ್ತು ನಮ್ಮ ಯುಪಿಐ ಜೋಡಣೆ. ಯುಪಿಐ ಐಡಿ ಸಾಕು. ಶುರುವಿನಲ್ಲಿ ದಿನಕ್ಕೆ 60,000 ರೂಪಾಯಿ ಮಿತಿ ಇಟ್ಟಿದ್ದರು.

ಭಾರತಕ್ಕೆ ಐಬಾನ್ ಇಲ್ಲ

ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಕೊಳ್ಳಬೇಕು. ಭಾರತದ ಯಾವ ಬ್ಯಾಂಕೂ ಐಬಾನ್ ಕೊಡುವುದಿಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಇಲ್ಲ. "ನಿಮ್ಮ ಭಾರತೀಯ ಖಾತೆಯ ಐಬಾನ್ ತಿಳಿಯಿರಿ" ಎನ್ನುವ ಜಾಲತಾಣಗಳು ಅಂಕಿ ಜೋಡಿಸಿ ಏನನ್ನೋ ಕೊಡುತ್ತವೆ, ಅದಕ್ಕೆ ಬೆಲೆಯಿಲ್ಲ. ಯುರೋಪಿನ ಬ್ಯಾಂಕಿನ ಫಾರ್ಮು ಐಬಾನ್ ಕೇಳುತ್ತಿದ್ದರೆ ದೇಶ ಆರಿಸುವ ಜಾಗದಲ್ಲಿ ಮೊದಲು ಭಾರತವನ್ನು ಆರಿಸಿ. ಬಹಳಷ್ಟು ಆ್ಯಪ್‌ಗಳಲ್ಲಿ ಆ ಖಾನೆ ಖಾತೆ ಸಂಖ್ಯೆಯ ಖಾನೆಯಾಗಿ ಬದಲಾಗುತ್ತದೆ. ಬದಲಾಗದಿದ್ದರೆ ಯುರೋಪಿನೊಳಗಿನ ಸೆಪಾ ವರ್ಗಾವಣೆಯ ಫಾರ್ಮಿನಲ್ಲಿ ಇದ್ದೀರಿ ಎಂದೇ ಲೆಕ್ಕ. ಹೊರಗೆ ಬಂದು ವಿದೇಶಿ ವರ್ಗಾವಣೆಯ ಪುಟಕ್ಕೆ ಹೋಗಿ.

ಊರಿನಿಂದ ಹೊರಕ್ಕೆ: ಫೀಸು ಕಟ್ಟುವವರಿಗೆ

ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವವರು ಬ್ಯಾಂಕಿಗೆ ಹೋಗಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬುತ್ತಾರೆ. ವ್ಯಕ್ತಿಯೊಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಅವಕಾಶ. ಓದಿನ ಫೀಸು, ಹಾಸ್ಟೆಲ್ ಖರ್ಚಿಗೆ ಪರ್ಪಸ್ ಕೋಡ್ ಎಸ್ 0305. ಇಷ್ಟು ಎಲ್ಲ ದೇಶಕ್ಕೂ ಸಮಾನ. ಪಡೆಯುವ ಬ್ಯಾಂಕಿನ ಕೋಡ್ ಮಾತ್ರ ದೇಶದಿಂದ ದೇಶಕ್ಕೆ ಬೇರೆ.

ಜರ್ಮನಿ ಅತ್ಯಂತ ಸುಲಭ. ಐಬಾನ್ ಮತ್ತು ಬಿಐಸಿ ಎರಡೇ. ಜರ್ಮನ್ ಐಬಾನ್‌ನಲ್ಲಿ 22 ಅಕ್ಷರ: ಡಿ-ಇ, ಎರಡು ಪರೀಕ್ಷಾ ಅಂಕಿ, 8 ಅಂಕಿಯ ಬ್ಯಾಂಕ್ ಸಂಖ್ಯೆ, 10 ಅಂಕಿಯ ಖಾತೆ. ಆದರೆ ಅಲ್ಲಿ ಬೇರೊಂದು ಗುಂಡಿ ಇದೆ. ವಿದ್ಯಾರ್ಥಿ ವೀಸಾಕ್ಕೆ ತೆರೆಯುವ, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿಗೆ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992ರ ಲೆಕ್ಕ, ಪೂರ್ತಿ ಜಮಾ ಆಗಬೇಕು. ಇಲ್ಲಿಂದ ಸರಿಯಾಗಿ ಅಷ್ಟೇ ಕಳಿಸಿ, ಚಾರ್ಜು ಹಂಚಿಕೊಳ್ಳುವ 'ಶಾ' ಆಯ್ಕೆ ಗುರುತಿಸಿದರೆ ದಾರಿಯ ಬ್ಯಾಂಕು ತನ್ನ ಪಾಲು ಕತ್ತರಿಸಿಕೊಳ್ಳಬಹುದು. ಅತ್ತ ಹತ್ತಿಪ್ಪತ್ತು ಯೂರೋ ಕಮ್ಮಿ ಸೇರಿದರೂ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಸಿಗುವುದಿಲ್ಲ. ಇಲ್ಲಿ 'ಅವರ್' ಆಯ್ಕೆಯೇ ಸರಿ. ಎಲ್ಲ ಚಾರ್ಜೂ ಕಳಿಸುವವರದ್ದು, ತುದಿಗೆ ಪೂರ್ತಿ ಮೊತ್ತ. ಮೂರನೆಯದು 'ಬೆನ್', ಎಲ್ಲವೂ ಪಡೆಯುವವರ ತಲೆಗೆ. ಕಾಲೇಜು ಫೀಸಿಗೆ ಅದನ್ನು ಆರಿಸುವುದರಲ್ಲಿ ಅರ್ಥವಿಲ್ಲ. ಹೊಸ ಮಾದರಿಯ ಸಂದೇಶಗಳಲ್ಲಿ ಇವೇ ಮೂರಕ್ಕೆ ಡೆಟ್, ಶಾರ್, ಕ್ರೆಡ್ ಎಂಬ ಗುರುತುಗಳಿವೆ.

ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯದ ಪತ್ರ ನಾಲ್ಕು ವಿವರ ಕೊಟ್ಟಿರುತ್ತದೆ: ಸಾರ್ಟ್ ಕೋಡ್ (ಅಲ್ಲಿನ ಬ್ಯಾಂಕ್ ಶಾಖೆಯ ಗುರುತು), ಖಾತೆ ಸಂಖ್ಯೆ, ಐಬಾನ್, ಸ್ವಿಫ್ಟ್. ನಾಲ್ಕನ್ನೂ ತುರುಕಬೇಕಿಲ್ಲ. 6 ಅಂಕಿಯ ಸಾರ್ಟ್ ಕೋಡ್ ಮತ್ತು 8 ಅಂಕಿಯ ಖಾತೆ ಸಂಖ್ಯೆ ಎರಡೂ ಐಬಾನ್‌ನ ಕೊನೆಯ 14 ಅಂಕಿಗಳಲ್ಲಿ ಕೂತಿರುತ್ತವೆ. ಭಾರತದಿಂದ ಕಳಿಸುವಾಗ ಐಬಾನ್ ಮತ್ತು ಸ್ವಿಫ್ಟ್ ಸಾಕು. ಸಾರ್ಟ್ ಕೋಡ್ ಬೇಕಾಗುವುದು ಈಗಾಗಲೇ ಲಂಡನ್‌ನಲ್ಲಿರುವ ಅಕ್ಕ ಅಲ್ಲಿನ ತನ್ನ ಖಾತೆಯಿಂದ ಕಟ್ಟುವಾಗ. ಐಬಾನ್‌ನ ಕೊನೆಯ ಅಂಕಿಗಳನ್ನು ಪತ್ರದ ಸಾರ್ಟ್ ಕೋಡ್, ಖಾತೆ ಸಂಖ್ಯೆಗಳ ಜೊತೆ ಹೋಲಿಸಿ ನೋಡಿ, ಒಂದು ಪುಕ್ಕಟೆ ಪರಿಶೀಲನೆ ಆಯಿತು.

ಅಮೆರಿಕ ತಲೆನೋವಿನದು. ಅಲ್ಲಿ ದೇಶದೊಳಗೆ ನಡೆಯುವುದು 9 ಅಂಕಿಯ ರೂಟಿಂಗ್ ನಂಬರ್, 1910ರಲ್ಲಿ ಅಮೆರಿಕನ್ ಬ್ಯಾಂಕರ್ಸ್ ಅಸೋಸಿಯೇಷನ್ ಶುರುಮಾಡಿದ್ದು. ಆದರೆ ಒಂದೇ ಬ್ಯಾಂಕಿಗೆ ಎಸಿಎಚ್‌ಗೆ (ದೇಶದೊಳಗಿನ ಸಾಮಾನ್ಯ ವರ್ಗಾವಣೆಗೆ) ಒಂದು, ವೈರ್‌ಗೆ ಇನ್ನೊಂದು ರೂಟಿಂಗ್ ನಂಬರ್ ಇರಬಹುದು, ರಾಜ್ಯದಿಂದ ರಾಜ್ಯಕ್ಕೂ ಬದಲಾಗಬಹುದು. ಚೆಕ್ಕಿನ ಕೆಳಗಿರುವುದು ವೈರ್‌ನ ನಂಬರೇ ಆಗಿರಬೇಕೆಂದಿಲ್ಲ. ಭಾರತದಿಂದ ಕಳಿಸುವಾಗ ಸ್ವಿಫ್ಟ್ ಕೋಡ್ ಮುಖ್ಯ, ಜೊತೆಗೆ ವೈರ್‌ನ ರೂಟಿಂಗ್ ನಂಬರ್ ಕೊಟ್ಟರೆ ಅನುಕೂಲ. ಸಣ್ಣ ಬ್ಯಾಂಕು, ಕ್ರೆಡಿಟ್ ಯೂನಿಯನ್ (ಸದಸ್ಯರ ಸಹಕಾರಿ ಬ್ಯಾಂಕಿನಂಥದ್ದು) ಇಂಥವುಗಳಲ್ಲಿ ಎಷ್ಟೋ ಕಡೆ ಸ್ವಿಫ್ಟ್ ಇರುವುದಿಲ್ಲ. ಮಗಳು ಕ್ಯಾಂಪಸ್ಸಿನ ಕ್ರೆಡಿಟ್ ಯೂನಿಯನ್ನಿನಲ್ಲಿ ಖಾತೆ ತೆರೆದಿದ್ದರೆ, ಅವರ ಪರವಾಗಿ ವಿದೇಶದ ವೈರ್ ಪಡೆಯುವ ದೊಡ್ಡ ಬ್ಯಾಂಕಿನ ಸ್ವಿಫ್ಟ್ ಕೋಡನ್ನೂ "ಮುಂದೆ ಇಂಥ ಖಾತೆಗೆ" ಎಂಬ ವಿವರವನ್ನೂ ಅವರಿಂದಲೇ ಬರೆಸಿಕೊಳ್ಳಲಿ.

ಕೆನಡಾದಲ್ಲೂ 9 ಅಂಕಿ ಕಾಣುತ್ತದೆ, ಅಮೆರಿಕದ್ದೇ ಇರಬೇಕು ಎಂದುಕೊಂಡವರು ಕೆಡುತ್ತಾರೆ. ಅದು ಸೊನ್ನೆ, 3 ಅಂಕಿಯ ಸಂಸ್ಥೆಯ ಸಂಖ್ಯೆ, 5 ಅಂಕಿಯ ಟ್ರಾನ್ಸಿಟ್ ಸಂಖ್ಯೆ ಸೇರಿದ್ದು. ಚೆಕ್ಕಿನ ಮೇಲಾದರೆ ಟ್ರಾನ್ಸಿಟ್ ಮೊದಲು, ಸಂಸ್ಥೆ ಆಮೇಲೆ. ಎರಡು ಕಡೆ ಕ್ರಮ ತಿರುಗುಮುರುಗು. ಆಸ್ಟ್ರೇಲಿಯಾಕ್ಕೆ ಸ್ವಿಫ್ಟ್, 6 ಅಂಕಿಯ ಬಿಎಸ್‌ಬಿ, ಖಾತೆ ಸಂಖ್ಯೆ. ಬಿಎಸ್‌ಬಿಯ ಮೊದಲೆರಡು ಅಂಕಿ ಬ್ಯಾಂಕು, ಮೂರನೆಯದು ರಾಜ್ಯ: ಕಾಮನ್‌ವೆಲ್ತ್ ಬ್ಯಾಂಕಿನ 062 ನ್ಯೂ ಸೌತ್ ವೇಲ್ಸ್, 063 ವಿಕ್ಟೋರಿಯಾ. ಗಲ್ಫ್ ದೇಶಗಳಿಗೆ ಐಬಾನ್: ಯುಎಇಯದು 23 ಅಕ್ಷರ, ಸೌದಿಯದು 24, ಕುವೈತ್‌ನದು 30. ಉದ್ದ ಎಣಿಸಿದರೆ ಒಂದು ಅಕ್ಷರ ಬಿಟ್ಟುಹೋದದ್ದು ಅಲ್ಲೇ ಗೊತ್ತಾಗುತ್ತದೆ.

ಈಗಾಗಲೇ ಯುರೋಪಿನಲ್ಲಿ ನೆಲೆಸಿದವರಿಗೆ ಒಂದು ಮಾತು. 2016ರ ಫೆಬ್ರವರಿಯಿಂದ ಯುರೋಪಿಯನ್ ಒಕ್ಕೂಟದೊಳಗಿನ ಯೂರೋ ವರ್ಗಾವಣೆಗೆ ಬಿಐಸಿ ಕೇಳುವಂತಿಲ್ಲ, ಐಬಾನ್ ಒಂದೇ ಸಾಕು. ಆನ್‌ಲೈನ್ ಬ್ಯಾಂಕಿನಲ್ಲಿ ಖಾತೆ ತೆರೆದು ಎಲ್-ಟಿ ಎಂದು ಶುರುವಾಗುವ ಲಿಥುವೇನಿಯಾದ ಐಬಾನ್ ಸಿಕ್ಕಿದ್ದರೆ, "ಜರ್ಮನ್ ಐಬಾನೇ ಬೇಕು" ಎಂದು ಬರ್ಲಿನ್ನಿನ ಕಂಪನಿಯೋ ಮೊಬೈಲ್ ಸೇವೆಯವರೋ ಹಟ ಹಿಡಿಯುವಂತಿಲ್ಲ. ಯುರೋಪಿಯನ್ ಒಕ್ಕೂಟದ ಕಾನೂನೇ ಅದನ್ನು ತಡೆಯುತ್ತದೆ.

ತಪ್ಪನ್ನು ತಾನೇ ಹಿಡಿಯುವ ಕೋಡ್ ಯಾವುದು?

ಕೋಡುಗಳನ್ನು ಹೋಲಿಸುವವರು ಉದ್ದ, ದೇಶ ಇವನ್ನಷ್ಟೇ ಹೇಳಿ ಬಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ವ್ಯತ್ಯಾಸ ಇಲ್ಲಿದೆ. ಒಂದು ಅಂಕಿ ತಪ್ಪಿದರೆ ಆ ಕೋಡ್ ಅಲ್ಲೇ ಅಡ್ಡ ನಿಲ್ಲುತ್ತದೋ, ಸುಮ್ಮನೆ ಬೇರೆಯವರ ಮನೆಗೆ ಹೋಗುತ್ತದೋ?

ಈ ವಿಷಯದಲ್ಲಿ ಐಬಾನ್‌ಗೆ ಸಾಟಿಯಿಲ್ಲ. ದೇಶದ ಎರಡು ಅಕ್ಷರದ ನಂತರ ಬರುವ ಎರಡು ಅಂಕಿ ಇರುವುದೇ ಅದಕ್ಕೆ. ಮೊದಲ ನಾಲ್ಕು ಅಕ್ಷರವನ್ನು ಕೊನೆಗೆ ಸಾಗಿಸಿ, ಅಕ್ಷರಗಳಿಗೆ ಎ ಅಂದರೆ 10, ಬಿ ಅಂದರೆ 11 ಎಂಬಂತೆ ಬೆಲೆ ಕೊಟ್ಟು, ಬರುವ ಉದ್ದದ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಬರಬೇಕು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಶೇಷ ಬದಲಾಗುತ್ತದೆ, ಫಾರ್ಮು ಕೆಂಪಾಗುತ್ತದೆ.

ಅಮೆರಿಕದ ರೂಟಿಂಗ್ ನಂಬರಿಗೂ ಪರೀಕ್ಷಾ ಅಂಕಿ ಇದೆ, ಸ್ವಲ್ಪ ಸಡಿಲ. ಒಂಬತ್ತು ಅಂಕಿಗಳನ್ನು ಸಾಲಾಗಿ 3, 7, 1ರಿಂದ ಗುಣಿಸಿ ಕೂಡಿಸಿದರೆ ಮೊತ್ತ 10ರಿಂದ ಭಾಗವಾಗಬೇಕು. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ 011000015 ತೆಗೆದುಕೊಳ್ಳಿ: 7, 1, 7, 5 ಕೂಡಿದರೆ 20, ಸರಿ ಇದೆ. ಇದರ ಕಿಂಡಿ ಎಲ್ಲಿದೆ ಅಂದರೆ, ಅಕ್ಕಪಕ್ಕದ ಅಂಕಿಗಳ ನಡುವೆ 5ರ ಅಂತರವಿದ್ದು, 1 ಮತ್ತು 6 ಅಥವಾ 2 ಮತ್ತು 7ರಂತೆ, ಅವು ಸ್ಥಾನ ಬದಲಿಸಿಕೊಂಡರೆ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ.

ಸ್ವಿಫ್ಟ್ ಕೋಡ್‌ಗೂ ನಮ್ಮ ಐಎಫ್‌ಎಸ್‌ಸಿಗೂ ಇಂಥ ಪರೀಕ್ಷಾ ಅಂಕಿ ಇಲ್ಲ. ಒಂದು ಅಕ್ಷರ ತಪ್ಪಿ ಅದು ಇನ್ನೊಂದು ಶಾಖೆಯ ನಿಜವಾದ ಕೋಡೇ ಆಗಿಬಿಟ್ಟರೆ ಯಂತ್ರ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಅಪಾಯದ್ದು ಖಾತೆ ಸಂಖ್ಯೆಯ ತಪ್ಪು. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲಿ ಖಾತೆ ಸಂಖ್ಯೆ ನೋಡಿ ಜಮಾ ಮಾಡುತ್ತಾರೆ, ಹೆಸರು ಹೋಲಿಸುವ ಪದ್ಧತಿ ಇರಲಿಲ್ಲ. ಕಳಿಸುವ ಮುಂಚೆ ಪಡೆಯುವವರ ಹೆಸರು ಪರದೆಯ ಮೇಲೆ ಕಾಣುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ತರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಯೂರೋ ವಲಯದಲ್ಲೂ 2025ರ ಅಕ್ಟೋಬರ್‌ನಿಂದ ಐಬಾನ್ ಜೊತೆ ಹೆಸರು ತಾಳೆ ನೋಡುವುದು ಕಡ್ಡಾಯ. ಆದರೆ ವಿದೇಶದಿಂದ ಇಲ್ಲಿನ ಖಾತೆಗೆ ಕಳಿಸುವವರ ಪರದೆಯ ಮೇಲೆ ಈ ಹೆಸರು ಮೂಡುತ್ತದೆ ಎಂದು ನಂಬಿ ಕೂರಬೇಡಿ.

ಸ್ವಿಫ್ಟ್ ದಾರಿಯಲ್ಲಿ ಹೆಸರನ್ನು ಮನುಷ್ಯರೂ ಯಂತ್ರಗಳೂ ಓದುತ್ತಾರೆ. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹಣವನ್ನು ಕಳ್ಳರು ನಕಲಿ ಸ್ವಿಫ್ಟ್ ಸಂದೇಶಗಳಿಂದ ದೋಚಿದಾಗ 8.1 ಕೋಟಿ ಡಾಲರ್ ಫಿಲಿಪೀನ್ಸ್ ಕಡೆಗೆ ಹೋಯಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಮಾತ್ರ ಸಿಕ್ಕಿಬಿದ್ದದ್ದು, 'ಫೌಂಡೇಶನ್' ಎಂಬುದರ ಸ್ಪೆಲ್ಲಿಂಗ್ ತಪ್ಪಿದ್ದನ್ನು ದಾರಿಯ ಬ್ಯಾಂಕು ಗಮನಿಸಿ ಪ್ರಶ್ನೆ ಕೇಳಿದ್ದರಿಂದ. ಆ ಕಣ್ಣೇ ನಿಮ್ಮ ಸಂದೇಶದ ಮೇಲೂ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿದ್ದು, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇದ್ದು, ಮನೆಯಲ್ಲಿ ಕರೆಯುವ ಹೆಸರನ್ನು ಫಾರ್ಮಿನಲ್ಲಿ ಬರೆದರೆ ಹಣ ತಡೆಯುವುದು ಖಂಡಿತ ಅನ್ನಲಾರೆ, ತಡವಾಗುವುದು ಸಾಮಾನ್ಯ. ಪಾಸ್‌ಬುಕ್ಕಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಸಿ.

ವ್ಯಾಪಾರಿಗಳಿಗೆ ಐಬಾನ್‌ನಿಂದ ಇನ್ನೊಂದು ಲಾಭ. ವರ್ಷಗಳಿಂದ ವ್ಯವಹಾರವಿರುವ ಜರ್ಮನಿಯ ಯಂತ್ರ ಸರಬರಾಜುದಾರರಿಂದ "ನಮ್ಮ ಬ್ಯಾಂಕ್ ಬದಲಾಗಿದೆ, ಹೊಸ ಖಾತೆಗೆ ಹಾಕಿ" ಎಂಬ ಇಮೇಲ್ ಬಂದು, ಹೊಸ ಐಬಾನ್ ಇನ್ಯಾವುದೋ ದೇಶದ ಅಕ್ಷರಗಳಿಂದ ಶುರುವಾದರೆ ಹಣ ಕಳಿಸುವ ಕೈ ಅಲ್ಲೇ ನಿಲ್ಲಬೇಕು. ಆ ಇಮೇಲ್‌ನಲ್ಲಿರುವ ಸಂಖ್ಯೆಯನ್ನು ಬಿಟ್ಟು, ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ಫೋನ್ ಮಾಡಿ ಕೇಳಿ.

ಕಳಿಸಿದ್ದು ಬಂದಿಲ್ಲ ಅಂದರೆ

ಊರಿನ ಶಾಖೆಗೆ ಹೋಗಿ "ಮಗ ಕಳಿಸಿದ ಹಣ ಎಲ್ಲಿ" ಎಂದು ಕೇಳಿದರೆ ಅಲ್ಲಿಯವರಿಗೂ ಗೊತ್ತಿರುವುದಿಲ್ಲ. ಕಳಿಸಿದವರು ತಮ್ಮ ಬ್ಯಾಂಕಿನಿಂದ ಎರಡು ಸಂಗತಿ ಪಡೆಯಬೇಕು. ಒಂದು, ಸಂದೇಶದ ಪ್ರತಿ. ಹಳಬರು ಎಂಟಿ 103 ಅನ್ನುತ್ತಾರೆ. 2025ರ ನವೆಂಬರ್‌ನಲ್ಲಿ ಗಡಿಯಾಚೆಯ ಪಾವತಿಗಳು ಹೊಸ ಐಎಸ್‌ಒ 20022 ಮಾದರಿಗೆ ಬದಲಾದರೂ ಕೌಂಟರಿನಲ್ಲಿ ಆ ಹೆಸರೇ ಓಡುತ್ತಿದೆ. ಎರಡು, ಯುಇಟಿಆರ್ ಎಂಬ 36 ಅಕ್ಷರದ ಗುರುತು. ಈ ಗುರುತು ದಾರಿಯುದ್ದಕ್ಕೂ ಬದಲಾಗುವುದಿಲ್ಲ, ಹಣ ಯಾವ ಬ್ಯಾಂಕಿನಲ್ಲಿ ಕೂತಿದೆ ಎಂದು ಅದರಿಂದ ತಿಳಿಯುತ್ತದೆ. ಎರಡನ್ನೂ ಊರಿಗೆ ಕಳಿಸಿದರೆ, ಶಾಖೆಯವರು ಅದನ್ನು ತಮ್ಮ ವಿದೇಶಿ ವಿನಿಮಯ ವಿಭಾಗಕ್ಕೆ ಕಳಿಸಿ ಹುಡುಕಿಸಬಲ್ಲರು. ಬಹಳ ಸಲ ಹಣ ಅಲ್ಲಿಯೇ, ಪರ್ಪಸ್ ಕೋಡ್‌ಗಾಗಿ ಕಾಯುತ್ತಾ ಇರುತ್ತದೆ.

ಎಕ್ಸ್‌ಚೇಂಜಿನಿಂದ ಕಳಿಸಿದ್ದಾದರೆ ಸ್ವಿಫ್ಟ್ ಪ್ರತಿ ಕೇಳಿ ಉಪಯೋಗವಿಲ್ಲ, ಅದು ಆ ದಾರಿಯಲ್ಲಿ ಬಂದೇ ಇಲ್ಲ. ಭಾರತದೊಳಗಿನ ಹೆಜ್ಜೆಗೆ ಯುಟಿಆರ್ ಎಂಬ ವರ್ಗಾವಣೆಯ ಗುರುತು ಸಂಖ್ಯೆ ಇರುತ್ತದೆ, ಅದನ್ನು ಕೇಳಿ. ತಪ್ಪು ಖಾತೆಗೆ ಹೋಗಿಬಿಟ್ಟಿದ್ದರೆ ಹಿಂದಕ್ಕೆ ಕರೆಸುವ ಕೋರಿಕೆ ಕಳಿಸಿದ ಕಡೆಯಿಂದಲೇ ಹೊರಡಬೇಕು, ಪಡೆಯಬೇಕಾದವರು ಕೊಟ್ಟ ಅರ್ಜಿಯಿಂದ ಅದು ನಡೆಯುವುದಿಲ್ಲ. ಒಮ್ಮೆ ಬೇರೆಯವರ ಖಾತೆಗೆ ಜಮಾ ಆದ ಮೇಲೆ ಸಾಮಾನ್ಯವಾಗಿ ಅವರ ಒಪ್ಪಿಗೆಯೂ ಬೇಕಾಗುತ್ತದೆ. ಹಾಗಾಗಿ ಹೊಸ ಖಾತೆಗೆ ದೊಡ್ಡ ಮೊತ್ತ ಕಳಿಸುವ ಮುಂಚೆ ಐವತ್ತೋ ನೂರೋ ದಿರ್ಹಮ್ ಕಳಿಸಿ, ಅದು ಸೇರಿದ ಮೆಸೇಜು ಬಂದ ಮೇಲೆ ಉಳಿದದ್ದನ್ನು ಕಳಿಸಿ. ಎರಡು ಸಲ ಚಾರ್ಜು ಬೀಳುತ್ತದೆ ಎಂಬುದು ನಿಜ, ಅದಕ್ಕೆ ಜಿಪುಣತನ ಬೇಡ.